ಎಂಬತ್ತೈದನೇ ಎಸೆತ: ವಿಲಿಯಮ್ಸ್‌ಪೋರ್ಟ್‌ನಲ್ಲಿ ಮೂರು ದಿನ

ಶುಕ್ರವಾರ, ಆಗಸ್ಟ್ 23, 2024

ಬೆಳಗ್ಗೆ ಏಳಕ್ಕೆ ನ್ಯೂಜೆರ್ಸಿಯ ಮನೆ ಬಿಟ್ಟೆವು. ನಾನು, ಹನ್ನೆರಡು ವರ್ಷದ ಮಗ, ಮತ್ತೆ ಮೇ ತಿಂಗಳಲ್ಲಿ ಅರಸೀಕೆರೆಯಿಂದ ಬಂದಿದ್ದ ಅಪ್ಪ. ಅಮ್ಮ ತಂಗಿಯ ಬಾಣಂತನಕ್ಕೆಂದು ಊರಲ್ಲೇ ಉಳಿದಿದ್ದರು. ನಮ್ಮನೆಯವರಿಗೆ ರಜೆ ಸಿಗಲಿಲ್ಲ. ಹಿಂದಿನ ಸೀಟಲ್ಲಿ ಚಿತ್ರಾನ್ನ, ಮೊಸರನ್ನ, ಚಪಾತಿ, ಎರಡು ಪೊಟ್ಟಣ ಕೋಡುಬಳೆ. ಹೊರಟಿದ್ದು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ಗೆ. ಮಕ್ಕಳ ಬೇಸ್‌ಬಾಲ್‌ನ ಲಿಟಲ್ ಲೀಗ್ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯಗಳನ್ನು ನೋಡೋದಕ್ಕೆ.

ಮಗ ಮೊದಲು ಬರಲ್ಲ ಅಂದಿದ್ದ. ಜುಲೈ 6ರಿಂದ ಅವನು ಚೆಂಡು ಮುಟ್ಟಿರಲಿಲ್ಲ. ಗ್ಲೌಸ್ ಗ್ಯಾರೇಜಿನ ಗೂಡಲ್ಲಿ ಬಿದ್ದಿತ್ತು. ಅಪ್ಪನೇ ಒಪ್ಪಿಸಿದರು. "ನನಗೆ ತೋರಿಸೋಕಾದ್ರೂ ಬಾರೋ ಪುಟ್ಟ. ಮತ್ತೆ ಯಾವಾಗ ಬರ್ತೀನೋ ಏನೋ" ಅಂದರು. ತಾತ ಹಾಗಂದ ಮೇಲೆ ಅವನು ಸುಮ್ನೆ ಶೂ ಹಾಕಿಕೊಂಡ. ನಾನು ಎರಡೂ ಗ್ಲೌಸ್ ತಂದು ಡಿಕ್ಕಿಯಲ್ಲಿಟ್ಟೆ. ಅವನಿಗೆ ಹೇಳಲಿಲ್ಲ.

287 ದಾಟಿ 80ನೇ ಹೆದ್ದಾರಿ ಹಿಡಿದೆವು. ಡೆಲವೇರ್ ನದಿ ಬೆಟ್ಟ ಸೀಳಿಕೊಂಡು ಬರುವ ಜಾಗ ಬಂದಾಗ ಅಪ್ಪ ಕಿಟಕಿ ಇಳಿಸಿದರು. ಮಗ ಹಿಂದೆ ನಿದ್ದೆ. ನನಗೆ ಆ ಸೀಸನ್ ಎಲ್ಲಾ ಕಣ್ಣ ಮುಂದೆ ಬರತೊಡಗಿತು.

ಇಲ್ಲಿ ಮಕ್ಕಳ ಬೇಸ್‌ಬಾಲ್ ಅಂದರೆ ಊರಿನವರೇ ನಡೆಸೋ ಕೆಲಸ, ನಮ್ಮ ಕಡೆ ಗಣೇಶನ ಪೆಂಡಾಲ್ ಇದ್ದಂಗೆ. ಚಳಿಗಾಲದಲ್ಲೇ ಹೆಸರು ಬರೆಸಬೇಕು. ಏಪ್ರಿಲ್‌ನಲ್ಲಿ ಮಕ್ಕಳೆಲ್ಲ ಹೊಸ ಅಂಗಿ ತೊಟ್ಟು ಊರಿನ ಮುಖ್ಯ ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಅಂಗಿಯ ಬೆನ್ನ ಮೇಲೆ ಪಿಜ್ಜಾ ಅಂಗಡಿ, ಹಲ್ಲಿನ ಡಾಕ್ಟರು, ಟೈರ್ ಅಂಗಡಿಯ ಹೆಸರು. ಕೋಚ್ ಅಂದರೆ ಆಫೀಸಿಂದ ಓಡಿ ಬರೋ ಯಾರದೋ ಅಪ್ಪ. ಮಳೆ ನಿಂತರೆ ಮಣ್ಣು ಕೆದಕೋದು, ಬಿಳಿ ಪುಡಿಯಲ್ಲಿ ಗೆರೆ ಎಳೆಯೋದು, ತಿಂಡಿ ಗೂಡಲ್ಲಿ ಕೂರೋದು, ಎಲ್ಲಾ ಅಪ್ಪ ಅಮ್ಮಂದಿರದ್ದೇ. ನನ್ನ ಪಾಲಿಗೆ ಬಂದದ್ದು ಕ್ಲಿಕ್ಕರ್.

ಕ್ಲಿಕ್ಕರ್ ಅಂದರೆ ಅಂಗೈಯಲ್ಲಿ ಹಿಡಿಯೋ ಒಂದು ಸಣ್ಣ ಸ್ಟೀಲ್ ಡಬ್ಬಿ. ಹೆಬ್ಬೆರಳಲ್ಲಿ ಒತ್ತಿದರೆ ಒಂದು ಅಂಕಿ ಮುಂದೆ ಹೋಗುತ್ತೆ. ಅಪ್ಪ ನೋಡಿದ ಕೂಡಲೇ "ನಿಮ್ಮಮ್ಮ ರಾಮನಾಮ ಎಣಿಸ್ತಾಳಲ್ಲ, ಅಂಥದ್ದೇ" ಅಂದಿದ್ದರು. ಪಿಚರ್ ಪ್ರತಿ ಸಲ ಚೆಂಡು ಎಸೆದಾಗ ಒಂದು ಸಲ ಒತ್ತಬೇಕು. ಬ್ಯಾಟರ್ ಹೊಡೆದರೂ, ಬಿಟ್ಟರೂ, ಚೆಂಡು ಗೆರೆಯಾಚೆ ಫೌಲ್ ಆದರೂ ಲೆಕ್ಕಕ್ಕೆ ಬರುತ್ತೆ. 11, 12 ವರ್ಷದ ಮಕ್ಕಳು ಒಂದು ದಿನಕ್ಕೆ 85 ಎಸೆತಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ. 66 ಮುಟ್ಟಿದರೆ ನಾಲ್ಕು ದಿನ ಪಿಚಿಂಗ್ ಮಾಡೋ ಹಾಗಿಲ್ಲ. 51 ಮುಟ್ಟಿದರೆ ಮೂರು ದಿನ, 36 ಮುಟ್ಟಿದರೆ ಎರಡು ದಿನ, 21 ಮುಟ್ಟಿದರೆ ಒಂದು ದಿನ. 20ರ ಒಳಗೇ ನಿಲ್ಲಿಸಿದರೆ ಮಾತ್ರ ಮಾರನೇ ದಿನವೂ ಹಾಕಬಹುದು. ಲಿಟಲ್ ಲೀಗ್ ಈ ಲೆಕ್ಕ ತಂದದ್ದು 2007ರಲ್ಲಿ. ಅದಕ್ಕೂ ಮುಂಚೆ ಇನ್ನಿಂಗ್ಸ್ ಎಣಿಸುತ್ತಿದ್ದರು, ಎಸೆತ ಎಣಿಸುತ್ತಿರಲಿಲ್ಲ. ಬೆಳೆಯೋ ಮಕ್ಕಳ ಭುಜ, ಮೊಣಕೈ ಹಾಳಾಗೋದು ಕಂಡ ಮೇಲೆ ಈ ನಿಯಮ ಬಂತು.

ಜೂನ್‌ನಲ್ಲಿ ಊರಿನ ಪಂದ್ಯಗಳು ಮುಗಿದ ಮೇಲೆ ಎಲ್ಲಾ ತಂಡದಿಂದ ಆರಿಸಿ ಆಲ್‌ಸ್ಟಾರ್ ತಂಡ ಕಟ್ಟುತ್ತಾರೆ. ನಮ್ಮದು ಹದಿಮೂರು ಹುಡುಗರ ತಂಡ. ಅಲ್ಲಿಂದ ಬೇಸಿಗೆಯ ಬಣ್ಣವೇ ಬೇರೆ. ಮೊದಲು ಡಿಸ್ಟ್ರಿಕ್ಟ್, ಆಮೇಲೆ ಸೆಕ್ಷನ್, ಆಮೇಲೆ ರಾಜ್ಯ, ಆಮೇಲೆ ಕನೆಕ್ಟಿಕಟ್‌ನ ಬ್ರಿಸ್ಟಲ್‌ನಲ್ಲಿ ವಲಯದ ಪಂದ್ಯ. ಅಲ್ಲಿ ಗೆದ್ದವರಿಗೆ ವಿಲಿಯಮ್ಸ್‌ಪೋರ್ಟ್. 80ಕ್ಕೂ ಹೆಚ್ಚು ದೇಶಗಳಲ್ಲಿ ಮಕ್ಕಳು ಆಡುತ್ತಾರೆ, ಇಲ್ಲಿಗೆ ಬರೋದು 20 ತಂಡ. ಹತ್ತು ಅಮೆರಿಕದ್ದು, ಹತ್ತು ಹೊರದೇಶದ್ದು. ನ್ಯೂಜೆರ್ಸಿ ಕೊನೆಯ ಸಲ ಗೆದ್ದದ್ದು 1998ರಲ್ಲಿ. ಟಾಮ್ಸ್ ರಿವರ್ ಈಸ್ಟ್ ಹುಡುಗರು ಜಪಾನಿನ ಕಾಶಿಮಾ ತಂಡವನ್ನು 12–9ರಲ್ಲಿ ಸೋಲಿಸಿದ್ದರು. ಆಗ ಹುಟ್ಟೇ ಇರದ ನಮ್ಮ ಮಕ್ಕಳು ಅದನ್ನು ನೋಡಿದವರ ಹಾಗೆ ಹೇಳುತ್ತಾರೆ. ಹನ್ನೆರಡು ವರ್ಷದವರಿಗೆ ಇದು ಒಂದೇ ಸಲ. ಮುಂದಿನ ವರ್ಷ ಅವರು ದೊಡ್ಡ ಮೈದಾನಕ್ಕೆ ಹೋಗುತ್ತಾರೆ, ಈ ಬಾಗಿಲು ಮುಚ್ಚುತ್ತೆ.

ನಾವು ಡಿಸ್ಟ್ರಿಕ್ಟ್‌ನಲ್ಲೇ ಸೋತೆವು. ಜುಲೈ 6, ಶನಿವಾರ. ಪಂದ್ಯ ನಮ್ಮೂರ ಮೈದಾನದಲ್ಲೇ ಇತ್ತು, ಹಾಗಾಗಿ ಕ್ಲಿಕ್ಕರ್ ನನ್ನ ಕೈಲೇ. ಮಗ ಮೊದಲಿಂದ ಪಿಚರ್. ಆಟ ಆರು ಇನ್ನಿಂಗ್ಸ್‌ದು. ಐದನೇ ಇನ್ನಿಂಗ್ಸ್‌ನಲ್ಲಿ ನಾವು 4–2ರಿಂದ ಮುಂದಿದ್ದೆವು. ಎದುರಾಳಿಗಳಲ್ಲಿ ಇಬ್ಬರು ಔಟ್, ಇಬ್ಬರು ಬೇಸ್ ಮೇಲೆ, ಅಂದರೆ ರನ್‌ಗೆ ಓಡೋ ದಾರಿಯ ಗುರುತುಗಳ ಮೇಲೆ. ಮುಂದಿನ ಹುಡುಗನಿಗೆ ನಾಲ್ಕನೇ ಬಾಲ್, ಅಂದರೆ ಹೊಡೆಯೋ ಜಾಗದ ಆಚೆ ಹೋಗೋ ಎಸೆತ, ಬಿತ್ತು, ಅವನು ನಡೆದುಕೊಂಡು ಮೊದಲ ಬೇಸ್‌ಗೆ ಹೋದ. ಮೂರೂ ಬೇಸ್ ಭರ್ತಿ. ನಾನು ಕ್ಲಿಕ್ಕರ್ ನೋಡಿದೆ. 85.

ಅಂಪೈರ್‌ಗೆ ಹೇಳಬೇಕಾದ್ದು ನನ್ನ ಕೆಲಸ. ಹೇಳಿದೆ. ಅಷ್ಟರಲ್ಲಿ ನಮ್ಮ ತಂಡದ ಒಬ್ಬರು ಫೋನ್ ಹಿಡಿದುಕೊಂಡು ಬಂದರು. ಅವರ ಆ್ಯಪ್‌ನಲ್ಲಿ 84 ಇತ್ತು. ಆ ಒಂದರ ಮೇಲೆ ಎಲ್ಲಾ ನಿಂತಿತ್ತು. ಒಬ್ಬ ಬ್ಯಾಟರ್‌ಗೆ ಹಾಕೋಕೆ ಶುರು ಮಾಡಿದ ಮೇಲೆ ಮಧ್ಯದಲ್ಲಿ 85 ದಾಟಿದರೂ ಅವನನ್ನು ಮುಗಿಸಬಹುದು. 84 ಆಗಿದ್ದರೆ ಮಗ ಇನ್ನೊಬ್ಬನಿಗೆ ಹಾಕುತ್ತಿದ್ದ. ಅಂಪೈರ್ ನನ್ನ ಮುಖ ನೋಡಿದರು. "ನಿಮ್ಮದೆಷ್ಟು?" ಅಂದರು. ನಾನು 85 ಅಂದೆ. ಮ್ಯಾನೇಜರ್ ಹೋಗಿ ಮಗನ ಕೈಯಿಂದ ಚೆಂಡು ತಗೊಂಡರು. ಹೊಸ ಪಿಚರ್‌ನ ಎರಡನೇ ಎಸೆತವನ್ನೇ ಎದುರಿನವನು ಗೋಡೆವರೆಗೆ ಹೊಡೆದ. ಮೂರು ಜನ ಓಡಿ ಬಂದರು. 5–4. ಅಲ್ಲಿಗೆ ಬೇಸಿಗೆ ಮುಗೀತು.

ಮನೆಗೆ ಬರುವಾಗ ಕಾರಲ್ಲಿ ಮಗ ಕೇಳಿದ. "ಅಮ್ಮಾ, ನೀನು ಕರೆಕ್ಟಾಗಿ ಎಣಿಸಿದ್ಯಾ?"

"ಹೂಂ" ಅಂದೆ. ಅವನು ಮತ್ತೆ ಕೇಳಲಿಲ್ಲ.

ಆದರೆ ನನಗೇ ಗ್ಯಾರಂಟಿ ಇರಲಿಲ್ಲ. ಮೂರನೇ ಇನ್ನಿಂಗ್ಸ್‌ನಲ್ಲಿ ಒಂದು ಫೌಲ್ ಚೆಂಡು ಬೇಲಿ ಹಾರಿ ಮಗುವೊಂದರ ತಳ್ಳುಗಾಡಿಯ ಹತ್ತಿರವೇ ಬಿದ್ದಿತ್ತು. ನಾನು ಗಾಬರಿಯಾಗಿ ಎದ್ದು ನಿಂತಿದ್ದೆ. ಆಗ ಹೆಬ್ಬೆರಳು ಎರಡು ಸಲ ಒತ್ತಿತಾ? ಈ ಪ್ರಶ್ನೆ ಏಳು ವಾರ ನನ್ನ ಜೊತೆಗೇ ಮಲಗಿ ನನ್ನ ಜೊತೆಗೇ ಎದ್ದಿತ್ತು. ಅಂಗಡಿಯಲ್ಲಿ ಸಿಕ್ಕ ಒಂದಿಬ್ಬರು ಮಾತಾಡಿಸದೆ ಹೋದರು. ಅದು ಅಷ್ಟು ನೋಯಲಿಲ್ಲ. ಮಗನ ಆ "ಕರೆಕ್ಟಾಗಿ" ಅನ್ನೋ ಮಾತು ನೋಯಿತು.

ಹತ್ತೂವರೆ ಹೊತ್ತಿಗೆ 180ನೇ ರಸ್ತೆಗೆ ತಿರುಗಿದೆವು. ಸಸ್ಕ್ವೆಹಾನಾ ನದಿಯ ಪಶ್ಚಿಮದ ಕವಲು ಪಕ್ಕದಲ್ಲೇ ಹರಿಯುತ್ತೆ. ನದಿಯ ಈ ದಡದಲ್ಲಿ ವಿಲಿಯಮ್ಸ್‌ಪೋರ್ಟ್, ಆ ದಡದಲ್ಲಿ ಸೌತ್ ವಿಲಿಯಮ್ಸ್‌ಪೋರ್ಟ್. ಈಗಿನ ಸ್ಟೇಡಿಯಂಗಳು ಇರೋದು ಆ ಕಡೆ. ಒಂದು ಕಾಲದಲ್ಲಿ ಇದು ಮರದ ವ್ಯಾಪಾರದ ಊರು. ನಾಲ್ಕನೇ ಬೀದಿಯಲ್ಲಿ ಟಿಂಬರ್ ಸಾಹುಕಾರರ ದೊಡ್ಡ ದೊಡ್ಡ ಬಂಗಲೆಗಳು ಈಗಲೂ ಸಾಲಾಗಿ ನಿಂತಿವೆ. ಪೇಟೆಯ ಚೌಕದಲ್ಲಿ ಬೇಸ್‌ಬಾಲ್ ಆಡೋ ಮಕ್ಕಳ ಕಂಚಿನ ಪ್ರತಿಮೆಗಳಿವೆ.

ಶುಕ್ರವಾರ ಪಂದ್ಯ ಇರಲಿಲ್ಲ. ಅದೇ ಒಳ್ಳೇದಾಯಿತು. ಮೊದಲು ಹಳೇ ಮೈದಾನಕ್ಕೆ ಹೋದೆವು. ಅದೇ ನಾಲ್ಕನೇ ಬೀದಿಯಲ್ಲಿ, 1926ರ ಬೋಮನ್ ಫೀಲ್ಡ್‌ಗೆ ಹತ್ತಿರದಲ್ಲಿದೆ. ಐದು ದಿನದ ಹಿಂದೆ ಬೋಮನ್‌ನಲ್ಲಿ ದೊಡ್ಡವರ ವೃತ್ತಿಪರ ತಂಡಗಳಾದ ಯಾಂಕೀಸ್ ಮತ್ತು ಟೈಗರ್ಸ್ ಲಿಟಲ್ ಲೀಗ್ ಮಕ್ಕಳ ಮುಂದೆ ಆಡಿದ್ದವು. ಟೈಗರ್ಸ್ ಹತ್ತನೇ ಇನ್ನಿಂಗ್ಸ್‌ನಲ್ಲಿ 3–2ರಿಂದ ಗೆದ್ದಿತ್ತು. ಅಷ್ಟು ಹತ್ತಿರದಲ್ಲಿದ್ದರೂ ಹಳೇ ಮೈದಾನ ಎಷ್ಟು ಪುಟ್ಟದು ಅಂದರೆ, ಅಪ್ಪ "ನಮ್ಮ ರೈಲ್ವೆ ಕ್ವಾರ್ಟರ್ಸ್ ಹಿಂದೆ ಇರೋ ಜಾಗ ಇದಕ್ಕಿಂತ ದೊಡ್ಡದು" ಅಂದರು.

ಈ ಲಿಟಲ್ ಲೀಗ್ ಶುರುವಾದದ್ದು ಕಾರ್ಲ್ ಸ್ಟಾಟ್ಸ್ ಅನ್ನೋ ಒಬ್ಬ ಗುಮಾಸ್ತನಿಂದ. 1938ರಲ್ಲಿ ನೆಂಟರ ಹುಡುಗರ ಜೊತೆ ಹಿತ್ತಲಲ್ಲಿ ಚೆಂಡು ಹಿಡಿಯೋಕೆ ಓಡುವಾಗ ಲೈಲಾಕ್ ಗಿಡದ ಮೋಟು ಕಾಲಿಗೆ ತರಚಿತು. ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುವಾಗ ಈ ಮಕ್ಕಳಿಗೇ ಅಂತ ಒಂದು ಲೀಗ್ ಮಾಡಬೇಕು ಅನ್ನಿಸಿತಂತೆ. ಅವನಿಗೆ ಗಂಡುಮಕ್ಕಳಿರಲಿಲ್ಲ. ಅಕ್ಕಪಕ್ಕದ ಹುಡುಗರನ್ನು ಕರೆದು, ಓಡಿಸಿ, ಎಸೆಸಿ, ಅವರ ಕಾಲಿಗೆ, ಕೈಗೆ ಎಷ್ಟು ದೂರ ಸರಿಹೋಗುತ್ತೆ ಅಂತ ನೋಡಿದ. ಬೇಸ್‌ನಿಂದ ಬೇಸ್‌ಗೆ 60 ಅಡಿ ಅಂತ ಆಯಿತು. ದೊಡ್ಡವರದ್ದು 90. ದುಡ್ಡಿಗಾಗಿ ಊರಿನ ಅಂಗಡಿ, ಕಂಪನಿಗಳಿಗೆ ಅಲೆದ. 56 ಕಡೆ ಇಲ್ಲ ಅಂದರಂತೆ. ಆಮೇಲೆ ಲೈಕಮಿಂಗ್ ಡೇರಿಯವರು 30 ಡಾಲರ್ ಕೊಟ್ಟರು. 1939ರ ಜೂನ್ 6ರಂದು ಮೊದಲ ಪಂದ್ಯ. ಒಂದು ಡೇರಿಯ ತಂಡ, ಒಂದು ಮರದ ಅಡ್ಡೆಯ ತಂಡ. ಮರದವರು 23–8ರಿಂದ ಗೆದ್ದರು. ಮೂರನೇ ತಂಡ ಒಂದು ಪ್ರೆಟ್ಜಲ್ ಕಂಪನಿಯದ್ದು.

"ಓ, ನಮ್ಮ ಪಿಜ್ಜಾ ಅಂಗಡಿ ಅಂಗಿ ಅಲ್ಲಿಂದ ಬಂದಿದ್ದಾ?" ಅಂದ ಮಗ. ಆ ದಿನ ಅವನು ತಾನಾಗಿ ಆಡಿದ ಮೊದಲ ಮಾತು ಅದು.

1947ರ ಮೊದಲ ವರ್ಲ್ಡ್ ಸೀರೀಸ್ ನಡೆದದ್ದು ಇದೇ ಹಳೇ ಮೈದಾನದಲ್ಲಿ. 1959ರಲ್ಲಿ ನದಿಯಾಚೆ ಹೋಯಿತು. ಅಷ್ಟರಲ್ಲಿ ಸ್ಟಾಟ್ಸ್‌ಗೂ ಸಂಸ್ಥೆಗೂ ಮನಸ್ತಾಪ ಬಂದು, ಕೋರ್ಟಿಗೂ ಹೋಗಿ, ಅವನು ತಾನು ಕಟ್ಟಿದ್ದರಿಂದಲೇ ದೂರ ಆಗಿದ್ದ. 1992ರಲ್ಲಿ ತೀರಿಕೊಂಡ. ಈಗ ಎರಡೂ ದಡ ಸೇರಿಸೋ ಸೇತುವೆಗೆ ಅವನ ಹೆಸರಿದೆ. ನಾವು ಮಧ್ಯಾಹ್ನ ಅದರ ಮೇಲೇ ಆಚೆ ದಡಕ್ಕೆ ಹೋದೆವು. ನನಗೆ ಯಾಕೋ ಗಂಟಲು ಕಟ್ಟಿತು.

ಆಚೆ ದಡದ ಮ್ಯೂಸಿಯಂನಲ್ಲಿ ನಾನು ಜಾಸ್ತಿ ಹೊತ್ತು ಯೋಚಿಸಿದ್ದು ಹುಡುಗಿಯರ ಬಗ್ಗೆ. 1972ರಲ್ಲಿ ನಮ್ಮ ನ್ಯೂಜೆರ್ಸಿಯ ಹೋಬೋಕನ್‌ನಲ್ಲಿ ಮರಿಯಾ ಪೆಪೆ ಅನ್ನೋ ಹುಡುಗಿ ಮೂರು ಪಂದ್ಯ ಆಡಿದ್ದಳು. ಹುಡುಗಿ ಆಡಬಾರದು ಅಂತ ಅವಳನ್ನು ಕೆಳಗಿಳಿಸಿದರು. ಕೇಸ್ ನಡೆದು 1974ರಲ್ಲಿ ಲಿಟಲ್ ಲೀಗ್ ತನ್ನ ನಿಯಮ ಬದಲಿಸಿತು. ಅಷ್ಟರಲ್ಲಿ ಅವಳ ವಯಸ್ಸು ಮೀರಿತ್ತು. ನಮ್ಮ ಲೀಗ್‌ನಲ್ಲಿ ಈ ವರ್ಷ ಆಡಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಅವಳ ಹೆಸರು ಗೊತ್ತು? ನನಗೇ ಹೋದ ವರ್ಷದವರೆಗೆ ಗೊತ್ತಿರಲಿಲ್ಲ.

ಊರಲ್ಲಿ ರೂಮು ಸಿಗೋದು ಕನಸು. ಬ್ಲೂಮ್ಸ್‌ಬರ್ಗ್ ಹತ್ತಿರದ ಒಂದು ಮೋಟೆಲ್‌ಗೆ ಹೋಗಿ ಮೊಸರನ್ನ ತಿಂದು ಮಲಗಿದೆವು.

ಶನಿವಾರ, ಆಗಸ್ಟ್ 24

ಲಮೇಡ್ ಸ್ಟೇಡಿಯಂಗೆ ಒಳಗೆ ಹೋಗೋಕೆ ದುಡ್ಡಿಲ್ಲ. ಇಷ್ಟು ದೊಡ್ಡ ಪಂದ್ಯ, ಟೀವಿಯಲ್ಲಿ ದೇಶವೆಲ್ಲ ನೋಡೋದು, ಪುಕ್ಕಟೆ. ಕುರ್ಚಿಗಳ ಸಾಲು ಕಡಿಮೆ. ಮೈದಾನದ ಆಚೆಗಿರೋ ಹಸಿರು ದಿಬ್ಬವೇ ನಿಜವಾದ ಗ್ಯಾಲರಿ. ಬೆಳಗ್ಗೆಯೇ ಹೋಗಿ ಜಮಖಾನ ಹಾಸಿದೆವು. ಅಪ್ಪನಿಗೆ ಮಡಚೋ ಕುರ್ಚಿ.

ದಿಬ್ಬದ ಮೇಲಿಂದ ಮಕ್ಕಳು ರಟ್ಟಿನ ಪೆಟ್ಟಿಗೆ ಬಿಚ್ಚಿ, ಅದರ ಮೇಲೆ ಕೂತು ಸರ್ರಂತ ಜಾರುತ್ತಾರೆ. ದಿನವಿಡೀ ಜಾರಿ ಹುಲ್ಲೆಲ್ಲ ಸವೆದು ದಾರಿ ಬಿದ್ದಿರುತ್ತೆ. ಅಪ್ಪ ಬಹಳ ಹೊತ್ತು ಆಟ ಬಿಟ್ಟು ಅದನ್ನೇ ನೋಡಿದರು. "ತೆಂಗಿನ ಮಟ್ಟೆ ಮೇಲೆ ಕೂರಿಸಿಕೊಂಡು ನಿನ್ನ ಎಳೀತಿದ್ದೆ, ನೆನಪಿದೆಯಾ ಪುಟ್ಟಿ?" ಅಂದರು. ನೆನಪಿದೆ. ಕಾಲಿನ ತರಚು ಗಾಯವೂ ನೆನಪಿದೆ.

ಇಲ್ಲಿ ಇನ್ನೊಂದು ಲೋಕ ಪಿನ್‌ಗಳದ್ದು. ಪ್ರತಿ ತಂಡಕ್ಕೆ, ಪ್ರತಿ ಡಿಸ್ಟ್ರಿಕ್ಟ್‌ಗೆ ತನ್ನದೇ ಬಣ್ಣದ ಲೋಹದ ಪಿನ್. ದೊಡ್ಡವರು, ಮಕ್ಕಳು ಎಲ್ಲಾ ಬಟ್ಟೆಯ ಮೇಲೆ ಹರಡಿಕೊಂಡು ಕೂತಿರುತ್ತಾರೆ. ದುಡ್ಡು ಕೊಡೋ ಹಾಗಿಲ್ಲ, ಅದಲು ಬದಲು ಅಷ್ಟೇ. ಮಗನ ಬ್ಯಾಗಲ್ಲಿ ನಮ್ಮ ಡಿಸ್ಟ್ರಿಕ್ಟ್‌ನ ಹನ್ನೊಂದು ಪಿನ್ ಇದ್ದವು. ಅವನು ಅದನ್ನು ತಂದಿರೋದೇ ನನಗೆ ಗೊತ್ತಿರಲಿಲ್ಲ. ಮೆಲ್ಲಗೆ ಎದ್ದು ಹೋದ. ಬರುವಾಗ ಅವನ ಟೋಪಿಯ ಮೇಲೆ ತೈವಾನಿನ ಒಂದು ಪಿನ್, ವೆನೆಜುವೆಲಾದ ಒಂದು ಪಿನ್. ಒಂದಕ್ಕೆ ಎರಡು ಕೊಡಬೇಕಾಯಿತು ಅಂದ. ಮುಖದಲ್ಲಿ ಹಳೇ ಕಳೆ ಸ್ವಲ್ಪ ಬಂದಿತ್ತು.

ಪಕ್ಕದ ಜಮಖಾನದಲ್ಲಿ ಇದೇ ಊರಿನ ಒಬ್ಬ ಅಜ್ಜಿ. ಚಿಕ್ಕವಳಿದ್ದಾಗಿನಿಂದ ಪ್ರತಿ ವರ್ಷ ಬರ್ತಾರಂತೆ. ಕೋಡುಬಳೆ ಕೊಟ್ಟೆ. ಒಂದು ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿ ತಗೊಂಡರು. ಅಪ್ಪನಿಗೂ ಅವರಿಗೂ ಮಧ್ಯಾಹ್ನದವರೆಗೆ ಮಾತೇ ಮಾತು. ಒಬ್ಬರು ಕ್ರಿಕೆಟ್ ಹೇಳೋದು, ಒಬ್ಬರು ಬೇಸ್‌ಬಾಲ್ ಹೇಳೋದು.

ಮೊದಲು ಹೊರದೇಶಗಳ ಫೈನಲ್. ತೈವಾನ್ 4–1ರಿಂದ ವೆನೆಜುವೆಲಾವನ್ನು ಸೋಲಿಸಿತು. ತೈವಾನಿನ ಹುಡುಗರು ಚೆಂಡು ಎತ್ತಿ ಎಸೆಯೋದನ್ನು ನೋಡಬೇಕು. ಒಂದು ಹೆಜ್ಜೆ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಆಮೇಲೆ ಅಮೆರಿಕದ ಫೈನಲ್, ಫ್ಲೋರಿಡಾದ ಲೇಕ್ ಮೇರಿ ಮತ್ತು ಟೆಕ್ಸಾಸಿನ ಬರ್ನಿ. ಇದು ಬೇರೆ ಥರ. ಹೊಡೆತ, ಓಟ, ಕೂಗು. 10–7ರಿಂದ ಲೇಕ್ ಮೇರಿ ಗೆದ್ದಿತು.

ಆ ಪಂದ್ಯದ ಮಧ್ಯೆ ಒಬ್ಬ ಮ್ಯಾನೇಜರ್ ಪಿಚರ್ ಬದಲಿಸೋಕೆ ಮೈದಾನದೊಳಗೆ ನಡೆದರು. ಹುಡುಗ ತಲೆ ತಗ್ಗಿಸಿ ಚೆಂಡು ಕೊಟ್ಟ. ನನಗೆ ಜುಲೈ 6 ಬಂದು ಎದೆ ಮೇಲೆ ಕೂತಿತು. ಮಗ ಆಗ ಜಾರೋಕೆ ಹೋಗಿದ್ದ. ನಾನು ಅಪ್ಪನಿಗೆ ಎಲ್ಲಾ ಹೇಳಿಬಿಟ್ಟೆ. ಫೋನಿನ 84, ನನ್ನ 85, ಆ ಫೌಲ್ ಚೆಂಡು, ಎರಡು ಸಲ ಒತ್ತಿರಬಹುದು ಅನ್ನೋ ಅನುಮಾನ. ಅಪ್ಪ ಆ ದಿನ ದೂರದಲ್ಲಿ, ಔಟ್‌ಫೀಲ್ಡ್ ಆಚೆಯ ಮರದ ನೆರಳಲ್ಲಿ ಕೂತಿದ್ದರು. ಜಗಳ ಅಂಪೈರ್ ಜೊತೆ ಏನೋ ಅಂದುಕೊಂಡಿದ್ದರು. ಅದು ಲೆಕ್ಕದ ಜಗಳ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"85 ಅಂದ್ರೆ ಹದಿನಾಲ್ಕು ಓವರು, ಒಂದು ಬಾಲು" ಅಂದರು ಅಪ್ಪ.

ನನಗೆ ಅರ್ಥ ಆಗಲಿಲ್ಲ. ಅವರು ಅಂಗಿಯ ಜೇಬಿನಿಂದ ಡೈರಿ ತೆಗೆದರು. ರೈಲ್ವೆಯಲ್ಲಿದ್ದಾಗಿನ ಅಭ್ಯಾಸ. ಅಂಗೈಯಗಲದ ಡೈರಿ, ರಬ್ಬರ್ ಬ್ಯಾಂಡ್ ಸುತ್ತಿರುತ್ತೆ. ನಾಲ್ಕು ಗಂಟೆಗೆ ಕಾಫಿ ಕುಡಿದದ್ದೂ ಅದರಲ್ಲಿರುತ್ತೆ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. ಜುಲೈ 6. ಹವಾಮಾನ ಸೆಕೆ. ಅದರ ಕೆಳಗೆ ನೀಲಿ ಪೆನ್ನಲ್ಲಿ, ಅವರ ದುಂಡು ಅಕ್ಷರದಲ್ಲಿ: "ಪುಟ್ಟ 14.1. ವಿಕೆಟ್ 7."

ಅಪ್ಪ ಊರಲ್ಲಿ ಎಷ್ಟೋ ಟೂರ್ನಮೆಂಟ್‌ಗೆ ಅಂಪೈರ್ ಆಗಿದ್ದವರು. ಆರು ಕಲ್ಲು ಎಡ ಜೇಬಲ್ಲಿ. ಒಂದೊಂದು ಬಾಲ್‌ಗೂ ಒಂದೊಂದು ಕಲ್ಲು ಬಲ ಜೇಬಿಗೆ. ಇಲ್ಲಿ ಮೊದಲ ಪಂದ್ಯ ನೋಡಿದಾಗ ಅವರಿಗೆ ಓವರ್ ಯಾಕಿಲ್ಲ ಅನ್ನೋದೇ ಸಮಾಧಾನ ಆಗಿರಲಿಲ್ಲವಂತೆ. ಅದಕ್ಕೆ ತಾವೇ ಓವರ್ ಮಾಡಿಕೊಂಡರು. ಕಲ್ಲಿನ ಬದಲು ಆರು ನಾಣ್ಯ. ಮೊಮ್ಮಗ ಹಾಕಿದ ಪ್ರತಿ ಪಂದ್ಯದ ಲೆಕ್ಕವೂ ಡೈರಿಯಲ್ಲಿತ್ತು. ಮೇ 25, 6.2. ಜೂನ್ 8, 9.4. ಅವನೇ ಎಸೆದು ಔಟ್ ಮಾಡಿದ್ದಷ್ಟೇ ವಿಕೆಟ್.

"ಫೌಲೂ ಎಣಿಸಿದ್ರಾ ಅಪ್ಪಾ?"

"ಕೈಯಿಂದ ಬಿಟ್ಟದ್ದೆಲ್ಲ ಬಾಲೇ ಅಲ್ವಾ ಕಣಮ್ಮ."

ನಾನು ಅಳುತ್ತಿದ್ದೆ ಅಂತ ಪಕ್ಕದ ಅಜ್ಜಿ ನೀರಿನ ಬಾಟಲಿ ಕೊಟ್ಟಾಗಲೇ ಗೊತ್ತಾದದ್ದು. ಮಗ ರಟ್ಟು ಎಳೆದುಕೊಂಡು ಮೇಲೆ ಬಂದ. ಮಂಡಿಯೆಲ್ಲ ಮಣ್ಣು. ಅಪ್ಪ ಡೈರಿ ಅವನ ಕೈಗೆ ಕೊಟ್ಟರು. ಅವನಿಗೆ ಕನ್ನಡ ಓದೋಕೆ ಬರುತ್ತೆ, ನಿಧಾನವಾಗಿ. ಅಂಕಿಯ ಮೇಲೆ ಬೆರಳಿಟ್ಟು ನಿಂತ. "ಫೋರ್ಟೀನ್ ಪಾಯಿಂಟ್ ವನ್?" ಅಂದ.

"ಹದಿನಾಲ್ಕಾರ್ಲ ಎಷ್ಟೋ?" ಅಂದರು ತಾತ.

"ಎಂಬತ್ನಾಲ್ಕು."

"ಅದಕ್ಕೊಂದು ಸೇರಿಸು."

ಮಗ ಡೈರಿ ನೋಡಿದ. ನನ್ನ ಮುಖ ನೋಡಿದ. ಏನೂ ಹೇಳದೆ ಬಂದು, ಮಣ್ಣು ಮೈಯಲ್ಲೇ ನನಗೆ ಒರಗಿ ಕೂತ. ಬಹಳ ಹೊತ್ತು ಹಾಗೇ ಇದ್ದ.

ರಾತ್ರಿ ಮೋಟೆಲ್‌ನಲ್ಲಿ ಅಪ್ಪ ಅಂಗಿ ಬದಲಿಸುವಾಗ ಅವನೇ ಕೇಳಿದ. "ತಾತ, ನೀವ್ಯಾಕೆ ಯಾವಾಗ್ಲೂ ಬಲಗೈ ಮೊದಲು ಹಾಕ್ತೀರಾ?"

ನನಗೆ ಅದು ಹುಟ್ಟಿದಾಗಿನಿಂದ ಗೊತ್ತು, ಆದರೆ ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಅಪ್ಪನ ಬಲಗೈ ಭುಜಕ್ಕಿಂತ ಮೇಲೆ ಏಳೋದಿಲ್ಲ. ಅದಕ್ಕೇ ಮೊದಲು ಆ ಕೈಗೆ ತೋಳು ಏರಿಸಿ ಆಮೇಲೆ ಇನ್ನೊಂದು. ಮಂಚದ ತುದಿಯಲ್ಲಿ ಕೂತು ಹೇಳಿದರು. ಹದಿಮೂರು ಹದಿನಾಲ್ಕು ವರ್ಷಕ್ಕೇ ಅರಸೀಕೆರೆಯಲ್ಲಿ ಅವರಷ್ಟು ಜೋರಾಗಿ ಬಾಲ್ ಹಾಕೋರು ಇರಲಿಲ್ಲವಂತೆ. ಕಾರ್ಕ್ ಬಾಲು. ಭಾನುವಾರ ಬೆಳಗ್ಗೆ ಶುರುವಾದರೆ ಕತ್ತಲಾಗೋವರೆಗೆ. ಒಂದು ಕಡೆಯಿಂದ ಪೂರ್ತಿ ಅವರದ್ದೇ. ದೊಡ್ಡವರು ಬೆನ್ನು ತಟ್ಟಿ ಮತ್ತೆ ಬಾಲ್ ಕೊಡೋರು. ಹದಿನೇಳಕ್ಕೆ ಕೈ ಎತ್ತೋಕೆ ಆಗಲಿಲ್ಲ. ಎಣ್ಣೆ ಹಚ್ಚಿದರು, ಶಾಖ ಕೊಟ್ಟರು, ಹಾಸನದ ತನಕ ಹೋಗಿ ತೋರಿಸಿದರು. ಸರಿ ಹೋಗಲಿಲ್ಲ. ಆಮೇಲೆಯೇ ಅಂಪೈರ್ ಆದದ್ದು.

"ನಮಗ್ಯಾರೂ ಎಣಿಸಲಿಲ್ಲ ಪುಟ್ಟ" ಅಂದರು.

ಭಾನುವಾರ, ಆಗಸ್ಟ್ 25

ಫೈನಲ್ ಮಧ್ಯಾಹ್ನ ಮೂರಕ್ಕೆ. ತೈವಾನ್ ಮತ್ತು ಲೇಕ್ ಮೇರಿ. ದಿಬ್ಬದ ಮೇಲೆ ಕಾಲಿಡೋಕೆ ಜಾಗವಿಲ್ಲ. ತೈವಾನ್ ಈ ಕಪ್ಪನ್ನು ಅಲ್ಲಿವರೆಗೆ 17 ಸಲ ಗೆದ್ದಿತ್ತು. ಮೊದಲನೆಯದು 1969ರಲ್ಲಿ, ಹದಿನೇಳನೆಯದು 1996ರಲ್ಲಿ. ಫ್ಲೋರಿಡಾ ಒಂದು ಸಲವೂ ಗೆದ್ದಿರಲಿಲ್ಲ. ಅಪ್ಪ ಬೆಳಗ್ಗೆಯೇ ನನ್ನ ಹತ್ತಿರ ಕ್ಲಿಕ್ಕರ್ ಕೇಳಿ ತಗೊಂಡಿದ್ದರು. ಎಡಗೈಯಲ್ಲಿ ಹಿಡಿದು, ನಾಣ್ಯಗಳನ್ನೂ ಜೇಬಲ್ಲಿಟ್ಟುಕೊಂಡು, ಎರಡೂ ಲೆಕ್ಕ ಕೂಡುತ್ತಾ ಅಂತ ನೋಡುತ್ತಿದ್ದರು.

ಮೊದಲ ಇನ್ನಿಂಗ್ಸ್‌ನಲ್ಲೇ ತೈವಾನ್ ಒಂದು ರನ್ ತಗೊಂಡಿತು. ಆಮೇಲೆ ಬಿಗಿಯೋ ಬಿಗಿ. ಎರಡು, ಮೂರು, ನಾಲ್ಕು, ಐದು, 1–0 ಹಾಗೇ ನಿಂತಿತು. ಆರನೇ ಇನ್ನಿಂಗ್ಸ್‌ನಲ್ಲಿ, ಇನ್ನೇನು ಮುಗೀತು ಅನ್ನುವಾಗ, ಫ್ಲೋರಿಡಾದ ಹುಡುಗನೊಬ್ಬ ಹೊಡೆದ ಚೆಂಡಿಗೆ ರನ್ ಬಂತು. 1–1. ದಿಬ್ಬ ಪೂರ್ತಿ ಎದ್ದು ನಿಂತಿತು. ಏಳನೆಯದರಲ್ಲೂ ಫಲಿತಾಂಶ ಇಲ್ಲ.

ಎಂಟನೆಯದರಲ್ಲಿ ಫ್ಲೋರಿಡಾದ ಬ್ಯಾಟರ್ ಹೊಡೆಯಲಿಲ್ಲ, ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಮೆತ್ತಗೆ ಕೆಳಗೆ ಬಿಟ್ಟ. ಬಂಟ್. ತೈವಾನಿನವರು ಎತ್ತಿ ಮೊದಲ ಬೇಸ್ ಕಡೆ ಎಸೆದರು. ಅದು ಕೈಗೆ ಸಿಗಲಿಲ್ಲ. ಎರಡನೇ ಬೇಸ್‌ನಲ್ಲಿದ್ದ ಹುಡುಗ ಮೂರನೆಯದನ್ನು ತಿರುಗಿ ಹೋಮ್‌ಗೆ, ಅಂದರೆ ಬ್ಯಾಟರ್ ನಿಲ್ಲೋ ಜಾಗಕ್ಕೆ, ಓಡಿಬಂದ. 2–1. ಆರು ಇನ್ನಿಂಗ್ಸ್‌ನ ಆಟ ಎಂಟಕ್ಕೆ ಹೋಗಿ, ಒಂದು ಮೆತ್ತನೆ ಚೆಂಡಿನಲ್ಲಿ ಮುಗೀತು. ಫ್ಲೋರಿಡಾಕ್ಕೆ ಮೊದಲ ಕಪ್.

ಸುತ್ತ ಎಲ್ಲಾ ಕುಣಿಯುತ್ತಿದ್ದರು. ನನ್ನ ಮಗ ತೈವಾನಿನ ಹುಡುಗರನ್ನೇ ನೋಡುತ್ತಿದ್ದ. ಎರಡು ದಿನದಿಂದ ಒಂದು ಹೆಜ್ಜೆ ತಪ್ಪದೆ ಎಸೆದಿದ್ದ ಮಕ್ಕಳು ಅವರು. ಟೋಪಿಯಲ್ಲಿದ್ದ ಅವರ ಪಿನ್ ಮೇಲೆ ಕೈಯಿಟ್ಟುಕೊಂಡಿದ್ದ. ಎರಡೂ ತಂಡ ಕೈ ಕುಲುಕೋವರೆಗೆ ಅವನು ಅಲ್ಲಿಂದ ಕದಲಲಿಲ್ಲ. ಜುಲೈ 6ರಂದು ಅವನ ಜಾಗಕ್ಕೆ ಬಂದು ಹೊಡೆಸಿಕೊಂಡ ಹುಡುಗನ ಹೆಸರು ಹೇಳಿ, "ನಾನು ಅವನಿಗೆ ಒಂದು ಮೆಸೇಜೂ ಮಾಡಿಲ್ಲ ಅಮ್ಮಾ" ಅಂದ. ನನ್ನ ಫೋನ್ ಕೇಳಿ ತಗೊಂಡು ದೂರ ಹೋಗಿ ನಿಂತ.

ಅಪ್ಪನ ಲೆಕ್ಕ ಎರಡೂ ಕೂಡಿತಂತೆ. ಡೈರಿಯಲ್ಲಿ ಬರೆದುಕೊಂಡರು. ಪಕ್ಕದ ಅಜ್ಜಿಗೆ ಉಳಿದ ಕೋಡುಬಳೆ ಪೊಟ್ಟಣ ಕೊಟ್ಟು ಹೊರಟೆವು.

ವಾಪಸ್ ಬರುವಾಗ 80ರಲ್ಲಿ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಹೊತ್ತು ಮುಳುಗೋ ಸಮಯ. ಲಾರಿಗಳ ಆಚೆ ಒಂದಿಷ್ಟು ಹುಲ್ಲು. ನಾನು ಚಪಾತಿ ಡಬ್ಬಿ ತೆಗೆಯೋಕೆ ಡಿಕ್ಕಿ ತೆರೆದೆ. ಮಗನಿಗೆ ಗ್ಲೌಸ್ ಕಂಡಿತು. ಯಾರು ತಂದದ್ದು ಅಂತ ಕೇಳಲಿಲ್ಲ. ಒಂದನ್ನು ತಾತನ ಎಡಗೈಗೆ ಹಾಕಿದ, ಬೆರಳುಗಳನ್ನು ಒಂದೊಂದಾಗಿ ಕೂರಿಸಿದ. ತಾನು ದೂರ ಹೆಜ್ಜೆ ಎಣಿಸಿಕೊಂಡು ಹೋಗಿ ನಿಂತ.

ಮೊದಲ ಎಸೆತ ಮೆತ್ತಗೆ ಬಂತು. ಅಪ್ಪ ಎರಡೂ ಕೈ ಸೇರಿಸಿ ಹಿಡಿದರು. ವಾಪಸ್ ಎಸೆಯೋಕೆ ಆಗಲ್ಲವಲ್ಲ, ಬಗ್ಗಿ ನೆಲದ ಮೇಲೆ ಉರುಳಿಸಿದರು. ಮಗ ಬಗ್ಗಿ ಎತ್ತಿಕೊಂಡ. ಮತ್ತೆ ಎಸೆದ. ಈ ಸಲ ಗ್ಲೌಸ್‌ಗೆ ಚೆಂಡು ಬಡಿದ ಸದ್ದು ಚೆನ್ನಾಗಿ ಕೇಳಿತು. "ಹಾಂ!" ಅಂದರು ಅಪ್ಪ.

ಕ್ಲಿಕ್ಕರ್ ಯಾವಾಗ ನನ್ನ ಕೈಗೆ ಬಂತೋ ಗೊತ್ತಿಲ್ಲ. ಹೆಬ್ಬೆರಳು ತನ್ನ ಪಾಡಿಗೆ ಒತ್ತುತ್ತಿತ್ತು. ಏಳು ವಾರದಿಂದ ಆಡದ ಕೈ ಅದು. ಹದಿನೆಂಟು, ಹತ್ತೊಂಬತ್ತು.

"ಅಮ್ಮಾ, ಎಷ್ಟಾಯ್ತು?"

"ಇಪ್ಪತ್ತು. ಸಾಕು" ಅಂದೆ. "ನಾಳೆ ಮತ್ತೆ ಹಾಕ್ಬಹುದು."